ಡಿಸೆಂಬರ್ ರಜೆ, ಚಾರ್ಮಾಡಿ ದಾರಿ, ಮಂಜು: ಚಾಲನಾ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಕ್ರಿಸ್ಮಸ್ ರಜೆಗೆ ಬೆಂಗಳೂರಿಂದ ಹಾಸನ, ಬೇಲೂರು, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಸಣ್ಣ ಕಾರು, ಐದು ಜನ, ಡಿಕ್ಕಿ ತುಂಬ ಸಾಮಾನು. ಬೆಳಗಿನ ಜಾವ 4ಕ್ಕೆ ಬಿಡುತ್ತೇವೆ. ಮಂಜಿಗೆಂದು ಹಳದಿ ಎಲ್‌ಇಡಿ ಬಲ್ಬ್ ಹಾಕಿಸಬೇಕೇ?

ಉತ್ತರ: ಬಲ್ಬ್ ಬೇಡ, ಹೊರಡುವ ಹೊತ್ತು ಬದಲಿಸಿ. ರಾತ್ರಿಯಿಡೀ ನೆಲ ತಣ್ಣಗಾಗುತ್ತಾ ಹೋಗುವುದರಿಂದ ಮಂಜು ತೀರಾ ದಟ್ಟವಾಗುವುದು ಸೂರ್ಯೋದಯದ ಆಸುಪಾಸಿನಲ್ಲಿ. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಸುಮಾರು 6.40ಕ್ಕೆ. 4ಕ್ಕೆ ಬಿಟ್ಟರೆ ಆ ಹೊತ್ತಿಗೆ ನೀವು ಕುಣಿಗಲ್ ದಾಟಿ, ಕೆರೆ, ತಗ್ಗುಗಳಿರುವ ರಸ್ತೆಯಲ್ಲಿರುತ್ತೀರಿ. ನಿದ್ದೆ ಎಳೆಯುವ ಹೊತ್ತೂ ಅದೇ. 6.30–7ಕ್ಕೆ ಬಿಟ್ಟು ನಗರದ ಟ್ರಾಫಿಕ್ ದಾಟುವಷ್ಟರಲ್ಲಿ ಬಿಸಿಲೇರಿರುತ್ತದೆ, ಘಾಟಿ ಮಧ್ಯಾಹ್ನ ಸಿಗುತ್ತದೆ. ವಾಪಸ್ ಬರುವಾಗಲೂ ಸಂಜೆ 4ರೊಳಗೆ ಘಾಟಿ ಹತ್ತಿ ಮುಗಿಸಿ.

ಇನ್ನು ದೀಪ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಬಣ್ಣ ಯಾವುದಾದರೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತದೆ. ಹ್ಯಾಲೊಜನ್‌ಗೆಂದು ಮಾಡಿದ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಮೇಲಕ್ಕೆ ಚೆಲ್ಲಿ ನಿಮ್ಮ ಕಣ್ಣಿಗೇ ಬಿಳಿ ಗೋಡೆ ಕಟ್ಟುತ್ತದೆ. ಹೈ ಬೀಮ್ ಹಾಕಿದರೂ ಅದೇ ಗತಿ. ಲೋ ಬೀಮ್, ಜೊತೆಗೆ ಬಂಪರಿನ ಫಾಗ್ ಲ್ಯಾಂಪ್ ಇದ್ದರೆ ಸಾಕು.

ಬಹಳ ಜನ ಮರೆಯುವುದು ಇದನ್ನು: ಹಿಂದೆ ಭಾರ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಲೋ ಬೀಮ್ ಕೂಡ ಎತ್ತರಕ್ಕೆ ಬೀಳುತ್ತದೆ. ಸ್ಟೇರಿಂಗ್ ಪಕ್ಕದಲ್ಲಿ 0, 1, 2, 3 ಎಂದಿರುವ, ದೀಪದ ಬೆಳಕನ್ನು ಕೆಳಕ್ಕೆ ತಗ್ಗಿಸುವ ಸಣ್ಣ ಚಕ್ರ ನೋಡಿ. ಒಬ್ಬರೇ ಇದ್ದಾಗ 0. ನಿಮ್ಮಷ್ಟು ಭಾರಕ್ಕೆ 2 ಅಥವಾ 3. ಟಯರ್ ಗಾಳಿಯನ್ನೂ ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬರೆದಷ್ಟೇ ಇಡಿ, ಟಯರ್ ತಣ್ಣಗಿರುವಾಗಲೇ ಅಳೆಸಿ.

ಪ್ರಶ್ನೆ: ಮಂಜಲ್ಲಿ ಎಷ್ಟು ವೇಗ ಸರಿ?

ಉತ್ತರ: ಮರವೋ ಕಂಬವೋ ಕಂಡ ಕ್ಷಣದಿಂದ ಅದನ್ನು ದಾಟುವವರೆಗೆ ನಾಲ್ಕು ಸೆಕೆಂಡ್ ಸಿಗಬೇಕು. ಸಿಗದಿದ್ದರೆ ವೇಗ ಹೆಚ್ಚಾಯಿತು. 60ರಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಾಲು ಬ್ರೇಕಿಗೆ ಬರಲು 2 ಸೆಕೆಂಡ್ ಹಿಡಿದರೂ ಇಬ್ಬನಿ ಬಿದ್ದ ರಸ್ತೆಯಲ್ಲಿ ನಿಲ್ಲಲು ಒಟ್ಟು 60 ಮೀಟರ್ ಬೇಕು. 40ರಲ್ಲಿ 35 ಸಾಕು. ಎಡ ಅಂಚಿನ ಬಿಳಿ ಗೆರೆ ಹಿಡಿದು ಸಾಗಿ, ಆದರೆ ದೀಪವಿಲ್ಲದೆ ನಿಂತ ಲಾರಿ ಸಿಗುವುದೂ ಆ ಅಂಚಿನಲ್ಲೇ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನೀವು ತಿರುಗುವುದು ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಗಾಜು ಮಸುಕಾದರೆ ಎಸಿ ಹಾಕಬೇಕೋ ಆರಿಸಬೇಕೋ?

ಉತ್ತರ: ಬೆರಳಿಂದ ಒಳಗಡೆ ಒರೆಸಿ ನೋಡಿ. ಗೆರೆ ಮೂಡಿದರೆ ಮಸುಕು ಒಳಗಿನದು, ಐದು ಜನರ ಉಸಿರಿನದು. ಎಸಿ ಹಾಕಿ, ಬಿಸಿ ಕಡೆಗೆ ತಿರುಗಿಸಿ, ಗಾಳಿ ಗಾಜಿನ ಮೇಲೆ ಬರಲಿ, ಹೊರಗಿನ ಗಾಳಿ ಬರುವ ಬಟನ್ ಒತ್ತಿ. ಎಸಿ ತೇವ ಹೀರುತ್ತದೆ. ಗೆರೆ ಮೂಡದಿದ್ದರೆ ತಣ್ಣಗಿನ ಗಾಜಿನ ಹೊರಮೈಯಲ್ಲಿ ಇಬ್ಬನಿ ಕೂತಿದೆ: ವೈಪರ್ ಹಾಕಿ, ಎಸಿಯ ತಂಪು ಕಡಿಮೆ ಮಾಡಿ.

ಪ್ರಶ್ನೆ: ಘಾಟಿ ಇಳಿಯುವಾಗ?

ಉತ್ತರ: ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ತಿರುವುಗಳಲ್ಲಿ ಹೆಚ್ಚಾಗಿ ಎರಡನೆಯದು. ನ್ಯೂಟ್ರಲ್ ಹಾಕಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಹತ್ತಿ ಬರುವವರಿಗೆ ದಾರಿ ಬಿಡಿ.

ಪ್ರಶ್ನೆ: ಏನೂ ಕಾಣದಂತಾದರೆ ಪಕ್ಕಕ್ಕೆ ನಿಲ್ಲಿಸಬಹುದೇ?

ಉತ್ತರ: ರಸ್ತೆ ಅಂಚಿನಲ್ಲಿ ಬೇಡವೇ ಬೇಡ. ನಿಮ್ಮ ಹಿಂದಿನ ಕೆಂಪು ದೀಪವನ್ನು ಓಡುತ್ತಿರುವ ಗಾಡಿ ಎಂದುಕೊಂಡು ಹಿಂದಿನವರು ನೇರ ಬಂದು ಗುದ್ದುತ್ತಾರೆ. ಮೆಲ್ಲಗೆ ಸಾಗಿ ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಅಂಗಳಕ್ಕೆ ಸೇರಿಕೊಳ್ಳಿ. ಗಾಡಿ ಕೆಟ್ಟೇ ನಿಂತರೆ ಆಗ ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಗಡೆಯಿಂದ ಇಳಿದು ರಸ್ತೆಯಿಂದ ಆಚೆ ನಿಲ್ಲಿ. ಮಕ್ಕಳನ್ನು ಕಾರೊಳಗೆ ಬಿಡಬೇಡಿ.