15,000 ರೂಪಾಯಿಗೆ ಕುವೈತ್‌ನ ಎಣ್ಣೆ ಹೋಯಿತಾ?

ಅರ್ಧಓದು ಕೇಳಿದ್ದು:

ನಿನ್ನೆ ರಾತ್ರಿ ಗೆಳೆಯನೊಬ್ಬನ ಜೊತೆ ಜೋರು ವಾದ ಆಯಿತು. ಅವನು ಹೇಳುವುದು ಇಷ್ಟು. 1899ರಲ್ಲಿ ಕುವೈತ್‌ನ ಶೇಖ್ ಮುಬಾರಕ್ ಬ್ರಿಟಿಷರಿಂದ 15,000 ರೂಪಾಯಿ ಇಸಿದುಕೊಂಡು, "ನಮ್ಮನ್ನು ಕಾಪಾಡಿ, ನೆಲದಡಿಯ ಎಣ್ಣೆ ನೀವೇ ತಗೊಳ್ಳಿ" ಅಂತ ಬರೆದುಕೊಟ್ಟನಂತೆ. ಅಷ್ಟು ದೊಡ್ಡ ಸಂಪತ್ತನ್ನು ಪುಡಿಗಾಸಿಗೆ ಮಾರಿದ ಎನ್ನುವುದು ಅವನ ಸಿಟ್ಟು.

ನನಗೆ ಯಾಕೋ ಲೆಕ್ಕ ಹೊಂದುತ್ತಿಲ್ಲ. ಪಕ್ಕದ ಪರ್ಷಿಯಾದಲ್ಲೇ (ಈಗಿನ ಇರಾನ್) ಎಣ್ಣೆ ಚಿಮ್ಮಿದ್ದು 1908ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ ಎಣ್ಣೆಗಾಗಿ ಯಾರು ಒಪ್ಪಂದ ಮಾಡುತ್ತಾರೆ? ಹಾಗಾದರೆ ಎಣ್ಣೆ ಈ ಕತೆಯೊಳಗೆ ಯಾವಾಗ ಬಂತು? ಬ್ರಿಟಿಷರು ನಿಜವಾಗಿ ಕಾಪಾಡಿದರಾ, ಇಲ್ಲ ಸುಮ್ನೆ ಮಾತಾ? ಇನ್ನೊಂದು, ಅರಬ್ಬರ ಊರಿನಲ್ಲಿ ಕೊಟ್ಟಿದ್ದು ರೂಪಾಯಿ ಯಾಕೆ, ಪೌಂಡ್ ಯಾಕಲ್ಲ?

ಹಳೇನಕ್ಷೆ ಉತ್ತರ:

ನಿಮ್ಮ ಅನುಮಾನ ಸರಿ ಇದೆ. ನಿಮ್ಮ ಗೆಳೆಯರು ಬೇರೆ ಬೇರೆ ಕಾಲದ ಎರಡು ಮೂರು ಕಾಗದಗಳನ್ನು ಸೇರಿಸಿ ಒಂದೇ ಮಾಡಿಬಿಟ್ಟಿದ್ದಾರೆ.

ಮೊದಲು ರೂಪಾಯಿ ವಿಷಯ. ಆಗ ಕೊಲ್ಲಿಯ ವ್ಯವಹಾರ ನೋಡಿಕೊಳ್ಳುತ್ತಿದ್ದುದು ಬ್ರಿಟಿಷ್ ಇಂಡಿಯಾ ಸರ್ಕಾರ. ಪರ್ಷಿಯಾದ ಬುಶೆಹ್ರ್ ಬಂದರಿನಲ್ಲಿ ಅವರ ರೆಸಿಡೆಂಟ್, ಅಂದರೆ ಪ್ರತಿನಿಧಿ, ಕೂತಿರುತ್ತಿದ್ದ, ದುಡ್ಡು ಹೋಗಿದ್ದೂ ಅಲ್ಲಿನ ಖಜಾನೆಯಿಂದ. ಕುವೈತ್‌ನ ಪೇಟೆಯಲ್ಲೂ ನಮ್ಮ ರೂಪಾಯಿಯೇ ಓಡುತ್ತಿತ್ತು. ದಿನಾರ್ ಬಂದಿದ್ದು 1961ರಲ್ಲಿ.

ಇನ್ನು ಮುಬಾರಕ್. ಈತ 1896ರಲ್ಲಿ ತನ್ನ ಇಬ್ಬರು ಅಣ್ಣತಮ್ಮಂದಿರನ್ನು, ಮುಹಮ್ಮದ್ ಮತ್ತು ಜರ್ರಾಹ್ ಅನ್ನು, ಕೊಂದು ಗದ್ದುಗೆ ಹತ್ತಿದವನು. ಸತ್ತವರ ಕಡೆಯವರು ಆಗ ತುರ್ಕರ ಕೈಯಲ್ಲಿದ್ದ ಬಸ್ರಾದಲ್ಲಿ (ಈಗ ಇರಾಕ್‌ನಲ್ಲಿದೆ) ಕೂತು ತುರ್ಕರ ಕಿವಿ ಊದುತ್ತಿದ್ದರು. ಬಸ್ರಾದಿಂದ ಸೈನ್ಯ ಹೊರಟರೆ ತನ್ನ ಕತೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬ್ರಿಟಿಷರ ಬಾಗಿಲು ತಟ್ಟಿದ. ಮೊದಲು ಅವರು ಒಲ್ಲೆ ಅಂದರು, ತುರ್ಕಿಯ ಜೊತೆ ಯಾಕೆ ಜಗಳ ಅಂತ. ಅಷ್ಟರಲ್ಲಿ ರಷ್ಯಾದ ಒಬ್ಬ ಕೌಂಟ್ ಮೆಡಿಟರೇನಿಯನ್ ದಡದಿಂದ ಕುವೈತ್‌ವರೆಗೆ ರೈಲು ಹಾಕುತ್ತೇನೆ ಎಂದು ಹೊರಟ. ಜರ್ಮನ್ನರೂ ಬಾಗ್ದಾದ್ ಕಡೆ ರೈಲು ಎಂದು ಓಡಾಡುತ್ತಿದ್ದರು. ಆಗ ಬ್ರಿಟಿಷರಿಗೆ ಎಚ್ಚರ ಆಯಿತು. ಇಂಡಿಯಾದ ದಾರಿಯ ಪಕ್ಕದಲ್ಲೇ ಇನ್ನೊಬ್ಬರ ಬಂದರು ಏಳುವುದು ಅವರಿಗೆ ಬೇಕಿರಲಿಲ್ಲ.

1899ರ ಜನವರಿ 23ರಂದು ರೆಸಿಡೆಂಟ್ ಕರ್ನಲ್ ಮೀಡ್ ಗುಟ್ಟಾಗಿ ಸಹಿ ಹಾಕಿಸಿಕೊಂಡ. ಬ್ರಿಟಿಷರನ್ನು ಕೇಳದೆ ಬೇರೆ ದೇಶದ ಪ್ರತಿನಿಧಿಯನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಕೇಳದೆ ಒಂದು ತುಂಡು ನೆಲವನ್ನೂ ಮಾರುವ, ಬಾಡಿಗೆ ಕೊಡುವ, ಅಡವಿಡುವ ಹಾಗಿಲ್ಲ. ಅದರಲ್ಲಿ ಎಣ್ಣೆ ಎನ್ನುವ ಪದವೇ ಇಲ್ಲ. ತಮಾಷೆ ಏನೆಂದರೆ "ನಿನ್ನನ್ನು ಸೈನ್ಯ ಕೊಟ್ಟು ಕಾಯುತ್ತೇವೆ" ಎನ್ನುವ ಮಾತೂ ಇಲ್ಲ! ನೀನು ಮಾತಿಗೆ ತಪ್ಪದಿದ್ದರೆ ನಿನ್ನ ಮೇಲೆ, ನಿನ್ನ ವಾರಸುದಾರರ ಮೇಲೆ ನಮ್ಮ ಒಳ್ಳೆಯ ಮನಸ್ಸು ಇರುತ್ತದೆ ಎಂಬಂಥ ಒಂದು ಪತ್ರ, ಅಷ್ಟೇ.

ತಕರಾರು ಉತ್ತರ:

ಇದು ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯೇ ಅಲ್ವಾ? ಇಲ್ಲಿ ರಾಜರಿಗೆ ತೊಡಿಸಿದ ಅಂಗಿಯನ್ನೇ ನೂರು ವರ್ಷ ಆದಮೇಲೆ ಅಲ್ಲಿ ತೊಡಿಸಿದರು. ಇದರಲ್ಲಿ ಹೊಸದೇನಿದೆ.

ಹಳೇನಕ್ಷೆ ಉತ್ತರ:

ಹೋಲುತ್ತದೆ, ಆದರೆ ಪೂರ್ತಿ ಅಲ್ಲ. ವೆಲ್ಲೆಸ್ಲಿ ಪದ್ಧತಿಯಲ್ಲಿ ಕಂಪನಿಯ ಸೈನ್ಯ ರಾಜ್ಯದೊಳಗೇ ಬಂದು ಕೂರುತ್ತಿತ್ತು, ಖರ್ಚು ರಾಜನ ತಲೆಗೆ. ಕೊಡಲು ಆಗದಿದ್ದರೆ ಸೀಮೆಯನ್ನೇ ಬಿಟ್ಟುಕೊಡಬೇಕು. ಕುವೈತ್‌ನಲ್ಲಿ ಸೈನ್ಯ ಬಂದು ಕೂರಲಿಲ್ಲ, ಕಪ್ಪವೂ ಇಲ್ಲ, ದುಡ್ಡು ಆ ಕಡೆಯಿಂದಲೇ ಬಂತು. ರೆಸಿಡೆಂಟನ ಕೈಕೆಳಗಿನ ಪೊಲಿಟಿಕಲ್ ಏಜೆಂಟ್ ಕೂಡ ಕುವೈತ್‌ಗೆ ಬಂದಿದ್ದು 1904ರಲ್ಲಿ. ಕಾವಲು ಇದ್ದದ್ದು ಸಮುದ್ರದಲ್ಲಿ. 1901ರಲ್ಲಿ ತುರ್ಕರ ಹಡಗೊಂದು ಸೈನಿಕರನ್ನು ಇಳಿಸಲು ಬಂದಾಗ ಬ್ರಿಟಿಷ್ ಯುದ್ಧನೌಕೆ ಪರ್ಸಿಯಸ್ ಅಡ್ಡ ನಿಂತಿತು, ಅವರು ವಾಪಸ್ ಹೋದರು. ಅಂದರೆ ಪತ್ರದಲ್ಲಿ ಬರೆಯದ ರಕ್ಷಣೆ ಬೇಕಾದ ಹೊತ್ತಿಗೆ ಬಂತು. ಬಂದಿದ್ದು ಮುಬಾರಕ್ ಮೇಲಿನ ಪ್ರೀತಿಗಲ್ಲ ಬಿಡಿ.

ಗಾಳಿಪಟ ಉತ್ತರ:

ಎಣ್ಣೆಯ ಭಾಗ ನಾನು ಹೇಳುತ್ತೇನೆ, ನನಗೆ ಇಷ್ಟವಾದ ಭಾಗ ಇದೇ.

1912ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗುತ್ತಿತ್ತು. ಚರ್ಚಿಲ್ ಆಗ ನೌಕಾ ಮಂತ್ರಿ. ಕಲ್ಲಿದ್ದಲು ಅವರ ಸ್ವಂತ ನೆಲದಲ್ಲೇ ರಾಶಿ ಇತ್ತು, ಎಣ್ಣೆ ಇರಲಿಲ್ಲ. ಹಾಗಾಗಿ 1913ರಲ್ಲಿ ಅಡ್ಮಿರಲ್ ಸ್ಲೇಡ್ ಕೊಲ್ಲಿಗೆ ಬಂದ. ಆ ಅಕ್ಟೋಬರ್‌ನಲ್ಲಿ ಮುಬಾರಕ್ ರೆಸಿಡೆಂಟ್ ಪರ್ಸಿ ಕಾಕ್ಸ್‌ಗೆ ಒಂದು ಪತ್ರ ಬರೆದುಕೊಟ್ಟ. ಬಂದು ಕುವೈತ್‌ನ ಬುರ್ಗಾನ್‌ನಲ್ಲಿ ಡಾಂಬರು ಒಸರುವ ಜಾಗ ನೋಡಿ, ಎಣ್ಣೆ ಇದೆ ಅನಿಸಿದರೆ ಬ್ರಿಟಿಷ್ ಸರ್ಕಾರ ತೋರಿಸಿದವರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ ಎಂದು. ನಿಮ್ಮ ಗೆಳೆಯರು ಹುಡುಕುತ್ತಿರುವ ಕಾಗದ ಇದು. ಇದಕ್ಕೆ ಒಂದು ರೂಪಾಯಿಯನ್ನೂ ಅವರು ಕೊಡಲಿಲ್ಲ. 1899ರಲ್ಲೇ ಬೀಗ ಹಾಕಿಸಿಕೊಂಡಿದ್ದರಲ್ಲ, ಇದು ಅದೇ ಬೀಗಕ್ಕೆ ಇನ್ನೊಂದು ಕೊಂಡಿ. ಮರುವರ್ಷ ಬಹ್ರೇನ್‌ನ ಶೇಖ್ ಕೂಡ ಇಂಥದ್ದೇ ಬರೆದುಕೊಟ್ಟ.

1914ರ ನವೆಂಬರ್‌ನಲ್ಲಿ ತುರ್ಕಿಯ ಜೊತೆ ಯುದ್ಧ ಶುರುವಾದಾಗ ಮಾತ್ರ, ಕುವೈತ್ ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ಸರ್ಕಾರ ಎಂದು ಅವರು ಬಾಯಿಬಿಟ್ಟು ಬರೆದರು. ಅದಕ್ಕೆ ಪ್ರತಿಯಾಗಿ ಕೇಳಿದ್ದೂ ಎಣ್ಣೆಯಲ್ಲ, ಬಸ್ರಾ ಹಿಡಿಯಲು ಸಹಾಯ.

ಆಮೇಲೆ ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಪರ್ಷಿಯಾದಲ್ಲಿ ಎಣ್ಣೆ ತೆಗೆಯುತ್ತಿದ್ದ ಬ್ರಿಟಿಷ್ ಕಂಪನಿಗೆ ಅಲ್ಲಿನ ಎಣ್ಣೆಯೇ ಸಾಕಾಗಿತ್ತು, ಕುವೈತ್‌ನದ್ದು ಬೇರೆಯವರ ಕೈಗೆ ಹೋಗದಿದ್ದರೆ ಆಯಿತು. ತಾನೂ ತೋಡಲಿಲ್ಲ, ತೋಡುವವರಿಗೂ ಬಿಡಲಿಲ್ಲ. ಅಷ್ಟರಲ್ಲಿ ಜಪಾನಿನ ಬೆಳೆಸಿದ ಮುತ್ತು ಬಂದು ಕುವೈತ್‌ನ ಮುತ್ತಿನ ವ್ಯಾಪಾರ ನೆಲಕಚ್ಚಿತು. ಆಗಿನ ಶೇಖ್ ಅಹ್ಮದ್‌ಗೆ ದುಡ್ಡು ತುರ್ತಾಗಿ ಬೇಕಿತ್ತು. ಫ್ರಾಂಕ್ ಹೋಮ್ಸ್ ಎನ್ನುವ ನ್ಯೂಜಿಲೆಂಡಿನವನು ಅಮೆರಿಕದ ಗಲ್ಫ್ ಕಂಪನಿಯ ಪರವಾಗಿ ಬಂದ. ಬ್ರಿಟಿಷರು ಹಳೆಯ ಕಾಗದ ತೋರಿಸಿ, ಬ್ರಿಟಿಷ್ ಕಂಪನಿಗೇ ಕೊಡಬೇಕು ಅಂದರು. ಆದರೆ ಗಲ್ಫ್ ಕಂಪನಿಯ ಮಾಲೀಕರ ಮನೆಯವನಾದ ಆಂಡ್ರ್ಯೂ ಮೆಲ್ಲನ್ 1932ರಲ್ಲಿ ಲಂಡನ್‌ಗೇ ಅಮೆರಿಕದ ರಾಯಭಾರಿಯಾಗಿ ಬಂದು ಕೂತ. ಆ ವರ್ಷವೇ ಬ್ರಿಟಿಷರು ಆ ಷರತ್ತು ಸಡಿಲಿಸಿದರು.

ಅಹ್ಮದ್ ಇಬ್ಬರನ್ನೂ ಪೈಪೋಟಿಗೆ ಬಿಟ್ಟು ದರ ಏರಿಸುತ್ತಿದ್ದ. ಪಕ್ಕಾ ವ್ಯಾಪಾರಿ. ಇದನ್ನು ನೋಡಿ ಆ ಎರಡೂ ಕಂಪನಿಗಳು ಅರ್ಧ ಅರ್ಧ ಪಾಲು ಹಾಕಿ 1934ರಲ್ಲಿ ಕುವೈತ್ ಆಯಿಲ್ ಕಂಪನಿ ಎಂದು ಒಂದಾಗಿಬಿಟ್ಟವು. ಹರಾಜಿನಲ್ಲಿ ಉಳಿದಿದ್ದು ಒಬ್ಬನೇ ಗಿರಾಕಿ! ಆ ಡಿಸೆಂಬರ್‌ನಲ್ಲಿ ಸಹಿ ಬಿತ್ತು. ಇಡೀ ದೇಶ, 75 ವರ್ಷ. ಸಹಿಗೆ 4,75,000 ರೂಪಾಯಿ, ಆಮೇಲೆ ಟನ್ನಿಗೆ 3 ರೂಪಾಯಿ ರಾಜಧನ. 1938ರಲ್ಲಿ ಬುರ್ಗಾನ್‌ನಲ್ಲೇ ಎಣ್ಣೆ ಸಿಕ್ಕಿತು. ಯುದ್ಧದ ಕಾಲದಲ್ಲಿ ಬಾವಿ ಮುಚ್ಚಿಸಿದ್ದರಿಂದ ಮೊದಲ ಹಡಗು ಹೊರಟಿದ್ದು 1946ರಲ್ಲಿ.

ಉಪ್ಪುನೀರು ಉತ್ತರ:

ಕಾಪಾಡಿದರಾ ಎಂದು ಕೇಳಿದ್ದೀರಿ, ಅದಕ್ಕೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ.

1920ರಲ್ಲಿ, ಮುಂದೆ ಸೌದಿ ಅರೇಬಿಯಾ ಕಟ್ಟಿದ ಇಬ್ನ್ ಸೌದ್‌ನ ಇಖ್ವಾನ್ ಪಡೆ ಕುವೈತ್‌ನ ಜಹ್ರಾ ಊರಿನ ಮೇಲೆ ಬಿದ್ದಾಗ ಬ್ರಿಟಿಷರು ಹಡಗು, ವಿಮಾನ ಕಳಿಸಿದರು, ನಿಜ. ಆದರೆ ಎರಡೇ ವರ್ಷ ಆದಮೇಲೆ ಉಕೈರ್‌ನಲ್ಲಿ ಗಡಿ ಮಾತುಕತೆ ನಡೆಯಿತು. ಅಲ್ಲಿ ಅದೇ ಪರ್ಸಿ ಕಾಕ್ಸ್, ಪೆನ್ಸಿಲ್ ಹಿಡಿದು ಕುವೈತ್ ತನ್ನದು ಎನ್ನುತ್ತಿದ್ದ ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಇಬ್ನ್ ಸೌದ್‌ಗೆ ಬರೆದುಬಿಟ್ಟ. ಶೇಖ್ ಅಹ್ಮದ್‌ಗೆ ಆ ಸಭೆಯಲ್ಲಿ ಜಾಗವೇ ಇರಲಿಲ್ಲ, ಅವನ ಪರವಾಗಿ ಕೂತಿದ್ದವನೂ ಒಬ್ಬ ಬ್ರಿಟಿಷ್ ಅಧಿಕಾರಿ. ಯಾಕೆ ಹೀಗೆ ಮಾಡಿದಿರಿ ಎಂದು ಅಹ್ಮದ್ ಆಮೇಲೆ ಕೇಳಿದಾಗ, ನಾನು ಕೊಡದಿದ್ದರೆ ಅವನೇ ಕತ್ತಿ ಹಿಡಿದು ತಗೊಳ್ಳುತ್ತಿದ್ದ ಎಂಬರ್ಥದ ಮಾತು ಕಾಕ್ಸ್‌ನಿಂದ ಬಂತು ಎಂದು ಮುಂದೆ ಕುವೈತ್‌ನಲ್ಲಿ ಏಜೆಂಟ್ ಆದ ಡಿಕ್ಸನ್ ಬರೆದಿದ್ದಾನೆ. ಕಾವಲಿಗೆ ಅಂತ ಇದ್ದವನೇ ಹೀಗೆ ಹೇಳಿದರೆ ಏನು ಮಾಡುತ್ತೀರಿ?

ಇನ್ನೊಂದು ಘಟನೆ ಜಾಸ್ತಿ ಜನರಿಗೆ ಗೊತ್ತಿಲ್ಲ. 1938ರಲ್ಲಿ ಕುವೈತ್‌ನ ವ್ಯಾಪಾರಿಗಳು ಸೇರಿ ಒಂದು ಮಜ್ಲಿಸ್, ಅಂದರೆ ಪ್ರತಿನಿಧಿ ಸಭೆ, ಆರಿಸಿದರು. ಆರು ತಿಂಗಳೂ ನಡೆಯಲಿಲ್ಲ. ಎಣ್ಣೆ ಕಂಪನಿಯ ಚೆಕ್ ಶೇಖ್ ಕೈಗಲ್ಲ, ಸಭೆಯ ಕೈಗೆ ಬರಬೇಕು ಎಂದು ಕೇಳಿದ್ದೇ ತಡ, ಡಿಸೆಂಬರ್‌ನಲ್ಲಿ ಶೇಖ್ ಅದನ್ನು ಮುಚ್ಚಿಸಿದ. ಬ್ರಿಟಿಷರು ತಡೆಯಲಿಲ್ಲ. ಒಪ್ಪಂದ ಇದ್ದದ್ದು ಶೇಖ್ ಜೊತೆ, ಊರಿನವರ ಜೊತೆ ಅಲ್ಲವಲ್ಲ. ಹಾಗಾಗಿ "ಕುವೈತ್ ಮಾರಿತು", "ಕುವೈತ್ ಪಡೆಯಿತು" ಎಂದು ನಾವು ಸಲೀಸಾಗಿ ಹೇಳುವಾಗ, ಯಾವ ಕುವೈತ್ ಎಂದು ಕೇಳಬೇಕಾಗುತ್ತದೆ.

ತಕರಾರು ಉತ್ತರ:

ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತು. ಬರೀ ಮೋಸ.

ಉಪ್ಪುನೀರು ಉತ್ತರ:

ಇಲ್ಲ ಮಾರಾಯ್ರೇ, ಮೋಸ ಅಂದರೆ ಮುಬಾರಕ್‌ನನ್ನು ದಡ್ಡ ಎಂದ ಹಾಗಾಗುತ್ತದೆ. ಅವನು ಸಾಯುವವರೆಗೆ ಗದ್ದುಗೆಯಲ್ಲಿದ್ದ, ಇವತ್ತಿಗೂ ಅವನ ವಂಶವೇ ಆಳುತ್ತಿದೆ. ಅವನಿಗೆ ಬೇಕಿದ್ದದ್ದು ಅದೇ, ಅದು ಸಿಕ್ಕಿತು.

ಅರ್ಧಓದು ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಈ ಕೊಂಡಿ ಕಳಿಸಿದೆ, "15,000 ಅಂತೂ ನಿಜ ತಾನೇ" ಎಂದು ಮೀಸೆ ತಿರುವುತ್ತಿದ್ದಾನೆ. ಒಂದೇ ಒಂದು ಪ್ರಶ್ನೆ ಉಳಿಯಿತು. 1899ರ ಆ ಕಾಗದ ಯಾವಾಗ ಹರಿದುಹೋಯಿತು?

ಹಳೇನಕ್ಷೆ ಉತ್ತರ:

1961ರ ಜೂನ್ 19. ಶೇಖ್ ಅಬ್ದುಲ್ಲಾ ಮತ್ತು ಆಗಿನ ರೆಸಿಡೆಂಟ್ ವಿಲಿಯಂ ಲೂಸ್ ಪತ್ರ ಬದಲಾಯಿಸಿಕೊಂಡು ಅದನ್ನು ರದ್ದು ಮಾಡಿದರು. ಆದರೆ ಹೊಸ ಪತ್ರದಲ್ಲಿ, ಕುವೈತ್ ಕೇಳಿದರೆ ಬ್ರಿಟನ್ ಸಹಾಯ ಮಾಡುತ್ತದೆ ಎಂಬ ಸಾಲು ಸೇರಿಸಿದರು. ಆರು ದಿನಕ್ಕೇ ಇರಾಕಿನ ಪ್ರಧಾನಿ ಕಾಸಿಂ, ಕುವೈತ್ ನಮ್ಮದು ಎಂದು ಘೋಷಿಸಿದ. ಶೇಖ್ ಕೇಳಿದ, ಜುಲೈ 1ಕ್ಕೆ ಬ್ರಿಟಿಷ್ ಸೈನಿಕರು ಬಂದು ಇಳಿದರು. ಅಷ್ಟು ವರ್ಷ ಕಾಗದದ ಒಳಗೆ ಇದ್ದಾಗ ಕಾಣದಷ್ಟು ದೊಡ್ಡ ಸೈನ್ಯ, ಕಾಗದ ಹರಿದ ಹನ್ನೆರಡು ದಿನಕ್ಕೆ ಬಂತು. ಆ ಹೊತ್ತಿಗೆ ಬುರ್ಗಾನ್ ಎಣ್ಣೆಯಲ್ಲಿ ಬ್ರಿಟಿಷ್ ಕಂಪನಿಗೆ ಅರ್ಧ ಪಾಲು ಇತ್ತು ಎನ್ನುವುದನ್ನೂ ನಿಮ್ಮ ಗೆಳೆಯರಿಗೆ ಹೇಳಿ.

ಗಾಳಿಪಟ ಉತ್ತರ:

ದೊಡ್ಡ ದೇಶಗಳ ಪೈಪೋಟಿಯಲ್ಲಿ ಕಾವಲು ಗಿಟ್ಟಿಸುವ ಮುಬಾರಕ್‌ನ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ ಅನ್ನಿ. ಇರಾನ್-ಇರಾಕ್ ಯುದ್ಧದಲ್ಲಿ ತನ್ನ ಎಣ್ಣೆ ಹಡಗುಗಳಿಗೆ ಏಟು ಬೀಳುವಾಗ ಕುವೈತ್ ಅಮೆರಿಕವನ್ನೂ ಕೇಳಿತು, ಸೋವಿಯತ್ ರಷ್ಯಾವನ್ನೂ ಕೇಳಿತು. ರಷ್ಯಾ ಒಪ್ಪುತ್ತಿದೆ ಎಂದು ಗೊತ್ತಾದ ಕೂಡಲೇ ಅಮೆರಿಕ ಮುಂದೆ ಬಂತು. 1987ರಲ್ಲಿ ಕುವೈತ್‌ನ 11 ಹಡಗುಗಳ ಮೇಲೆ ಅಮೆರಿಕದ ಬಾವುಟ ಏರಿತು.