ಪದಚರ್ಚೆ: ಬ್ಯಾಂಜೋ ತಂತಿಯನ್ನು ‘ಮೀಟು’ ಅಂದ್ರೆ ಬೆರಳು ಮೇಲಕ್ಕೋ, ಕೆಳಕ್ಕೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯ ಕೇಳಬೇಕಿತ್ತು. ‘ತಂತಿ ಮೀಟು’ ಅಂತ ಓದಿದ ಕೂಡಲೇ ನಿಮ್ಮ ತೋರುಬೆರಳು ಯಾವ ಕಡೆ ಹೋಗುತ್ತೆ? ತಂತಿಯನ್ನು ಮೇಲಿಂದ ಕೆಳಕ್ಕೆ ಒತ್ತಿ ಬಿಡುತ್ತೀರಾ, ಇಲ್ಲ ಅಡಿಯಿಂದ ಮೇಲಕ್ಕೆ ಎಳೆಯುತ್ತೀರಾ? ಮುಂದೆ ಓದುವ ಮೊದಲು ಒಂದು ಸಲ ಗಾಳಿಯಲ್ಲೇ ಬೆರಳಾಡಿಸಿ ನೋಡಿ, ಆಮೇಲೆ ಹೇಳಿ.

ಯಾಕೆ ಕೇಳ್ತಿದ್ದೀನಿ ಅಂದ್ರೆ, ನಾನಿರೋದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಮೂರು ವರ್ಷದಿಂದ ಇಲ್ಲಿಯ ಐದು ತಂತಿಯ ಬ್ಯಾಂಜೋ ಕಲಿಯುತ್ತಿದ್ದೇನೆ. ಮುಂಬೈ ಕಡೆಯ ‘ಬ್ಯಾಂಜೋ ಪಾರ್ಟಿ’ ನೋಡಿದವರಿಗೆ ಬ್ಯಾಂಜೋ ಅಂದ್ರೆ ಟೈಪ್‌ರೈಟರ್ ಥರ ಗುಂಡಿಗಳಿರುವ ಪೆಟ್ಟಿಗೆ ನೆನಪಾಗಬಹುದು. ಅದು ಬುಲ್‌ಬುಲ್ ತರಂಗ್, ಜಪಾನಿನ ತೈಶೋಗೊತೊ ಅನ್ನೋ ವಾದ್ಯದ ಸಂಬಂಧಿ. ನಾನು ಹೇಳ್ತಿರೋದು ಬೇರೆ. ದುಂಡನೆ ಬಳೆಗೆ ಚರ್ಮ ಬಿಗಿದು, ಉದ್ದನೆ ದಂಡಿ ಕೂರಿಸಿದ್ದು. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನ ತಮ್ಮ ನೆನಪಿನಿಂದ ಸೋರೆ ಬುರುಡೆಗೆ ಚರ್ಮ ಹೊದಿಸಿ ಮಾಡಿಕೊಂಡ ವಾದ್ಯಗಳಿಂದ ಬೆಳೆದದ್ದು. ಅದರ ಐದನೇ ತಂತಿ ಗಿಡ್ಡ. ಅದರ ಬಿರಡೆ ದಂಡಿಯ ತುದಿಯಲ್ಲಿಲ್ಲ, ಪಕ್ಕದಲ್ಲಿ ಐದನೇ ಮೆಟ್ಟಿಲ ಹತ್ತಿರ ಇರುತ್ತೆ. ಎಲ್ಲಕ್ಕಿಂತ ಮೇಲೆ, ಹೆಬ್ಬೆರಳಿನ ಪಕ್ಕದಲ್ಲೇ ಇರುವ ಆ ತಂತಿಯ ಸ್ವರ ಮಾಮೂಲಿ ಶ್ರುತಿಯಲ್ಲಿ ಉಳಿದೆಲ್ಲ ತಂತಿಗಳಿಗಿಂತ ಎತ್ತರ. ರಾಗ ಏನೇ ಹೋಗಲಿ, ಅದೊಂದು ಮಾತ್ರ ಟಿಣ್ ಟಿಣ್ ಅಂತ ಒಂದೇ ಸ್ವರ ಹಿಡಿದಿರುತ್ತೆ. ವೀಣೆಯ ತಾಳದ ತಂತಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಮೈಸೂರಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗಳು ಇದ್ದಾಳೆ, ಚಿಕ್ಕಂದಿನಿಂದ ವೀಣೆ ನುಡಿಸುವ ಹುಡುಗಿ. ಕಳೆದ ಸಲ ಊರಿಗೆ ಬಂದಾಗ ನನ್ನ ಹಳೇ ಬ್ಯಾಂಜೋ ಅವಳಿಗೆ ಕೊಟ್ಟೆ. ಕಲಿಯೋಕೆ ಕನ್ನಡದಲ್ಲೇ ಪಾಠ ಬರೆದುಕೊಡ್ತೀನಿ ಅಂತಲೂ ಹೇಳಿದೆ. ಮೊದಲ ಪಾಠ ಎರಡು ಬೆರಳಿನ ಶೈಲಿಯದು, ಅಂದ್ರೆ ಹೆಬ್ಬೆರಳು ಮತ್ತು ತೋರುಬೆರಳು ಎರಡೇ. ಹೀಗೆ ಬರೆದಿದ್ದೆ: ‘ಹೆಬ್ಬೆರಳಿಂದ ಮೂರನೇ ತಂತಿ ಮೀಟು. ತೋರುಬೆರಳಿಂದ ಒಂದನೇ ತಂತಿ ಮೀಟು. ಹೆಬ್ಬೆರಳಿಂದ ಐದನೇ ತಂತಿ ಮೀಟು. ತಾ ತಕ, ತಾ ತಕ ಅಂತ ಬರಬೇಕು.’

ಅವಳು ಕಳಿಸಿದ ವಿಡಿಯೋದಲ್ಲಿ ‘ತಾ’ ಸರಿಯಾಗಿತ್ತು, ‘ತಕ’ ಒಡೆದು ಹೋಗಿತ್ತು. ನಿಧಾನ ಮಾಡಿ ನೋಡಿದೆ. ತೋರುಬೆರಳು ಒಂದನೇ ತಂತಿಯನ್ನು ಕೆಳಮುಖವಾಗಿ ಹೊಡೀತಿದೆ, ಅದರ ಜೊತೆ ಇಡೀ ಕೈ ಕೆಳಕ್ಕೆ ಇಳೀತಿದೆ, ಐದನೇ ತಂತಿಗೆ ಹೆಬ್ಬೆರಳು ವಾಪಸ್ ಬರೋ ಹೊತ್ತಿಗೆ ‘ಕ’ ತಡವಾಗಿರುತ್ತೆ. ಫೋನ್ ಮಾಡಿ ಕೇಳಿದೆ. ‘ಮಾಮ, ನೀವೇ ಮೀಟು ಅಂತ ಬರೆದಿದ್ದೀರಲ್ಲ, ಹಾಗೇ ಮೀಟಿದೆ’ ಅಂದಳು.

ಅವಳದ್ದು ತಪ್ಪೇನೂ ಇಲ್ಲ. ವೀಣೆಯಲ್ಲಿ ತೋರುಬೆರಳು, ನಡುಬೆರಳು ಎರಡೂ ಕೆಳಮುಖವಾಗಿಯೇ ಮೀಟುತ್ತವೆ. ಮೇಲ್ಮುಖವಾಗಿ ಹೋಗೋದು ತಾಳದ ತಂತಿಗೆ ಬಳಸುವ ಕಿರುಬೆರಳು ಮಾತ್ರ. ಹತ್ತು ವರ್ಷ ಹಾಗೇ ಕೂತ ಕೈಗೆ ‘ತೋರುಬೆರಳಿಂದ ಮೀಟು’ ಅಂದ್ರೆ ಇನ್ನೇನು ಅರ್ಥ ಆಗಬೇಕು? ಬ್ಯಾಂಜೋದ ಎರಡು ಬೆರಳಿನ ಶೈಲಿಯಲ್ಲಿ ಹೆಬ್ಬೆರಳು ಕೆಳಕ್ಕೆ ಹೋಗುತ್ತೆ, ತೋರುಬೆರಳು ಮೇಲಕ್ಕೆ ಬರುತ್ತೆ. ಎರಡೂ ಒಂದರ ಕಡೆಗೊಂದು ಬರುತ್ತವೆ, ಕೈ ಇದ್ದ ಜಾಗದಲ್ಲೇ ಇರುತ್ತೆ. ಅದಕ್ಕೇ ತಕ ಅನ್ನೋದು ಅಷ್ಟು ಸಲೀಸಾಗಿ ಉರುಳೋದು.

ಕನ್ನಡದಲ್ಲಿ ‘ಮೀಟು’ಗೆ ಇನ್ನೊಂದು ಅರ್ಥ ಇದೆ ಅಲ್ವಾ, ಹಾರೆ ಹಾಕಿ ಕಲ್ಲು ಮೀಟೋದು. ಅಲ್ಲಿ ಅಡಿಗೆ ಕೊಟ್ಟು ಮೇಲೆ ಎಬ್ಬಿಸೋದೇ ಕೆಲಸ. ನನ್ನ ತಲೆಯಲ್ಲಿದ್ದದ್ದು ಈ ಮೀಟು. ನಾನು ತೋಟದ ಮನೆಯಲ್ಲಿ ಬೆಳೆದವನು, ವೀಣೆಗಿಂತ ಹಾರೆಯನ್ನೇ ಜಾಸ್ತಿ ನೋಡಿದವನು. ಒಂದೇ ಪದ, ಅವಳ ಕೈಯಲ್ಲಿ ಕೆಳಕ್ಕೆ, ನನ್ನ ಕೈಯಲ್ಲಿ ಮೇಲಕ್ಕೆ. ಧಾರವಾಡದ ಕಡೆ ಸಿತಾರ್ ಕಲಿತವರಿಗೆ ಈ ಕಷ್ಟ ಇಲ್ಲ. ಅವರಿಗೆ ಒಳಕ್ಕೆ ಎಳೆದರೆ ದಾ, ಹೊರಕ್ಕೆ ತಳ್ಳಿದರೆ ರಾ, ದಿಕ್ಕಿಗೊಂದು ಹೆಸರಿದೆ. ಆದರೆ ದಾ, ರಾ ಕ್ರಿಯಾಪದಗಳಲ್ಲ, ‘ದಾ ಮಾಡು’ ಅಂತ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ.

ದಿಕ್ಕು ಇಷ್ಟು ಮುಖ್ಯ ಯಾಕೆ ಅಂದ್ರೆ, ಈ ವಾದ್ಯದ ಶೈಲಿಗಳನ್ನು ಬೇರೆ ಮಾಡೋದೇ ದಿಕ್ಕು. ಕ್ಲಾಹ್ಯಾಮರ್ ಅನ್ನೋ ಶೈಲಿಯಲ್ಲಿ ಬೆರಳುಗಳನ್ನು ಉಗುರುಗಟ್ಟಿದ ಪಂಜದ ಹಾಗೆ ಮಡಚಿ, ಇಡೀ ಕೈಯನ್ನೇ ಇಳಿಸಿ ಉಗುರಿಂದ ತಂತಿಗೆ ಕೊಡ್ತಾರೆ. ಅದು ಆಫ್ರಿಕಾದ ಕಡೆಯಿಂದ ಬಂದ ಹಳೇ ಪದ್ಧತಿ, ಸೆನೆಗಲ್, ಗ್ಯಾಂಬಿಯಾ ಕಡೆಯ ಅಕೊಂಟಿಂಗ್ ವಾದ್ಯದಲ್ಲಿ ಈಗಲೂ ಹಾಗೇ ನುಡಿಸ್ತಾರೆ. ಎರಡು ಬೆರಳಿನದು ಅದರ ಉಲ್ಟಾ. ಕೆಂಟಕಿಯ ಡೇಸಿ ಅನ್ನೋ ಊರಿನ ರೋಸ್ಕೊ ಹಾಲ್ಕಂಬ್ ಇದನ್ನೇ ನುಡಿಸ್ತಿದ್ದದ್ದು. ಇಲ್ಲಿಯವರೇ ಆದ ಬ್ಯಾಸ್ಕಮ್ ಲಮಾರ್ ಲನ್ಸ್‌ಫರ್ಡ್ ತೋರುಬೆರಳನ್ನು ಮೇಲಕ್ಕೆ ಎಳೆದು ನುಡಿಸುತ್ತಿದ್ದವರು, 1928ರಲ್ಲಿ ಆಶ್‌ವಿಲ್‌ನಲ್ಲಿ ಜನಪದ ಸಂಗೀತದ ಮೇಳ ಶುರು ಮಾಡಿದವರೂ ಅವರೇ. 1945ರ ಕೊನೆಗೆ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಹೆಸರಾಂತ ಗಾಯಕ ಬಿಲ್ ಮನ್ರೋ ಅವರ ತಂಡ ಸೇರಿದ ಮೇಲೆ ಮೂರು ಬೆರಳಿನ ಶೈಲಿ ಎಲ್ಲ ಕಡೆ ಹಬ್ಬಿತು, ಎರಡು ಬೆರಳಿನವರು ಹಿಂದೆ ಸರಿದರು. ನನಗೆ ಮಾತ್ರ ಎರಡು ಬೆರಳೇ ಇಷ್ಟ. ಸದ್ದು ಮೆತ್ತಗಿರುತ್ತೆ, ರಾತ್ರಿ ಮಕ್ಕಳು ಮಲಗಿದ ಮೇಲೂ ಅಡುಗೆಮನೆಯಲ್ಲಿ ಕೂತು ನುಡಿಸಬಹುದು.

ಹಾಗಾಗಿ ನನಗೆ ಬೇಕಿರೋದು ಒಂದು ಪದ, ತೋರುಬೆರಳು ತಂತಿಯನ್ನು ಮೇಲಕ್ಕೆ ಎಳೆದು ಬಿಡೋದಕ್ಕೆ. ಕ್ಲಾಹ್ಯಾಮರ್‌ಗೆ ‘ತಟ್ಟು’ ಸಾಕು ಅಂದುಕೊಂಡಿದ್ದೇನೆ, ಬಾಗಿಲು ತಟ್ಟುವ ಹಾಗೇ ಕೈ ಬೀಳುತ್ತೆ. ‘ಮಿಡಿ’ ಅನ್ನಬಹುದಾ ಅಂತಲೂ ನೋಡಿದೆ. ಬಿಲ್ಲಿನ ಹೆದೆ ಮಿಡಿ ಅನ್ನೋ ಹಳೇ ಬಳಕೆ ಚೆನ್ನಾಗಿದೆ, ಆದರೆ ಮಿಡಿ ಅಂದ್ರೆ ಬೆರಳನ್ನು ಚಿಮ್ಮಿಸಿದಂತೆ, ಕ್ಲಾಹ್ಯಾಮರ್ ಕಲಿಯೋರು ಮೊದಲು ಬಿಡಬೇಕಾದ ಅಭ್ಯಾಸವೇ ಅದು. ಎರಡೂ ಬೆರಳು ಒಟ್ಟಿಗೆ ಎರಡು ತಂತಿ ಹಿಡಿದು ಬಿಟ್ಟರೆ ‘ಚಿವುಟು’, ಇದರಲ್ಲಿ ನನಗೆ ಸಂಶಯ ಇಲ್ಲ, ಸೊಪ್ಪು ಚಿವುಟಿದ ಕೈಗೆ ತಾನಾಗಿ ಬರುತ್ತೆ. ಹೆಬ್ಬೆರಳಿಗೆ ‘ಮೀಟು’ ಇರಲಿ, ಅದು ಹೇಗೂ ಹೋಗೋದು ಕೆಳಕ್ಕೇ. ತೋರುಬೆರಳಿನದ್ದೇ ತೊಡಕು.

ದೊಡ್ಡಮ್ಮ ಫೋನಿನ ಪಕ್ಕದಲ್ಲೇ ಇದ್ದಳು. ‘ಸೆಳೆ ಅಂತ ಬರಿಯೋ’ ಅಂದಳು. ಪದ ಕೇಳಿ ಖುಷಿಯಾಯ್ತು. ಪಾಠ ತಿದ್ದಿ ಕಳಿಸಿದೆ: ಹೆಬ್ಬೆರಳಿಂದ ಮೀಟು, ತೋರುಬೆರಳಿಂದ ಸೆಳೆ. ದಿಕ್ಕು ಸರಿಹೋಯ್ತು, ಆದರೆ ಹುಡುಗಿ ತಂತಿಯನ್ನು ಚರ್ಮದಿಂದ ಹೊರಕ್ಕೆ ಎಳೆದು ಬಿಡ್ತಿದ್ದಾಳೆ, ಅದು ಚಟ್ ಅಂತ ದಂಡಿಗೆ ಬಡಿಯುತ್ತೆ. ಸೆಳೆ ಅನ್ನೋದರಲ್ಲಿ ಒಂದು ಜೋರು ಇದೆ, ಹೊಳೆ ಸೆಳೆಯೋ ಹಾಗೆ. ಕೊನೆಗೆ ‘ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆಯುವಾಗ ಬೆರಳು ಬರುತ್ತಲ್ಲ, ಹಾಗೆ’ ಅಂದೆ. ಮರುದಿನದ ವಿಡಿಯೋದಲ್ಲಿ ತಾ ತಕ ಉರುಳಿತ್ತು! ಆದರೆ ಪಾಠದ ಪ್ರತಿ ಸಾಲಿನಲ್ಲೂ ಉಪ್ಪಿನ ಡಬ್ಬಿ ತರೋಕಾಗಲ್ಲ.

ಇದರ ಜೊತೆ ಇನ್ನೆರಡು ಸಣ್ಣ ಪ್ರಶ್ನೆ. ಈ ಶೈಲಿಗೆ ‘ಇಬ್ಬೆರಳು’ ಅನ್ನಬಹುದಾ? ಇಬ್ಬದಿ, ಇಬ್ಬಗೆ ಇದ್ದ ಹಾಗೆ. ಹಾಗಾದರೆ ಸ್ಕ್ರಗ್ಸ್ ಅವರದ್ದು ‘ಮುಬ್ಬೆರಳು’ ಆಗುತ್ತಾ, ಮುಪ್ಪುರಿ, ಮುಮ್ಮಡಿ ನೋಡಿದರೆ ಆಗಬೇಕು, ಕಿವಿಗೆ ಮಾತ್ರ ಇನ್ನೂ ಹೊಂದುತ್ತಿಲ್ಲ. ಎರಡನೆಯದು, ಇಬ್ಬೆರಳಿನಲ್ಲೇ ಎರಡು ಬಗೆ ಇದೆ. ಒಂದರಲ್ಲಿ ರಾಗ ಹಿಡಿಯೋದು ಹೆಬ್ಬೆರಳು, ತೋರುಬೆರಳು ಒಂದನೇ ತಂತಿಯಲ್ಲಿ ಜೊತೆ ಕೊಡುತ್ತೆ. ಇನ್ನೊಂದರಲ್ಲಿ ತೋರುಬೆರಳು ರಾಗ ಹಿಡಿಯುತ್ತೆ, ಹೆಬ್ಬೆರಳು ಮತ್ತೆ ಮತ್ತೆ ಗಿಡ್ಡ ತಂತಿಗೆ ಮರಳುತ್ತೆ. ನಾನು ‘ಹೆಬ್ಬೆರಳ ಹಾಡು’, ‘ತೋರುಬೆರಳ ಹಾಡು’ ಅಂತ ಬರೆದಿದ್ದೇನೆ. ‘ಮುಂದಾಳು ಬೆರಳು’ ಅಂತ ಒಬ್ಬ ಗೆಳೆಯ ಹೇಳಿದ, ಅದು ಚುನಾವಣೆಯ ಮಾತಿನ ಹಾಗೆ ಕೇಳುತ್ತೆ, ಬೇಡ ಅನ್ನಿಸಿತು. ಗಿಡ್ಡ ತಂತಿಗೆ ‘ಶ್ರುತಿ ತಂತಿ’ ಅಂತಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಡ್ರೋನ್ ಅಂತಾರೆ, ಆದರೆ ಡ್ರೋನ್ ಅಂದ್ರೆ ಈಗ ಎಲ್ಲರೂ ಆಕಾಶ ನೋಡ್ತಾರೆ.

ನನ್ನ ಮುಖ್ಯ ಪ್ರಶ್ನೆಗೆ ಉತ್ತರ ಸಿಗೋದಾದರೆ ಏಕತಾರಿಯವರ ಹತ್ತಿರ ಸಿಗಬಹುದು ಅನ್ನೋ ಆಸೆ ಇದೆ. ತತ್ವಪದ ಹಾಡೋರು ಏಕತಾರಿ ಹಿಡಿದ ಕೈಯ ತೋರುಬೆರಳಿಂದಲೇ ತಂತಿಯನ್ನು ಅಂಗೈ ಕಡೆಗೆ ಎಳೆದು ಬಿಡ್ತಾರಲ್ಲ, ಹೆಚ್ಚುಕಡಿಮೆ ಇದೇ ಚಲನೆ ಅದು. ನಿಮ್ಮ ಊರಲ್ಲಿ ಹಾಡೋರಿದ್ದರೆ, ಮನೆಯಲ್ಲೇ ಇದ್ದರೆ ಇನ್ನೂ ಒಳ್ಳೇದು, ಹುಡುಗರಿಗೆ ಕಲಿಸುವಾಗ ಆ ಬೆರಳಿಗೆ ಅವರು ಯಾವ ಮಾತು ಹೇಳ್ತಾರೆ ಅಂತ ದಯವಿಟ್ಟು ಕೇಳಿ ಬರೆಯಿರಿ. ಚೌಡಿಕೆಯವರದ್ದೂ ಬೇಕು. ಆಡುಮಾತಿನಲ್ಲಿ ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ.