ಬ್ಯಾಟರಿ ದೋಷಕ್ಕೆ ಹಿಂಪಡೆದಿದ್ದ ಮಾದರಿಯ ರಿಫರ್ಬಿಶ್ಡ್ ಫೋನ್ ಕೊಳ್ಳಬಹುದೇ?

ಕಾಪುವಿನಿಂದ ಬಂದ ಪ್ರಶ್ನೆ

ನಮಸ್ಕಾರ. ನನ್ನ ಮಗಳು ಈ ವರ್ಷ ಮಂಗಳೂರಿನ ಕಾಲೇಜಿಗೆ ಸೇರಿ ಪಿ.ಜಿ.ಯಲ್ಲಿ ಉಳಿದುಕೊಂಡಿದ್ದಾಳೆ. ಅವಳಿಗೆ ಹನ್ನೆರಡು ಸಾವಿರ ರೂಪಾಯಿಯೊಳಗೆ ಒಂದು ಫೋನ್ ಬೇಕಾಗಿದೆ. ಅಂಗಡಿಯವರು ತೋರಿಸಿದ ರಿಫರ್ಬಿಶ್ಡ್ (ಹಳೆಯದನ್ನು ಸರಿಪಡಿಸಿ ಮತ್ತೆ ಮಾರುವ) ಫೋನ್ ನೋಡಲು ಹೊಸದರಂತೆಯೇ ಇದೆ. ಆದರೆ ಬ್ಯಾಟರಿ ಅತಿಯಾಗಿ ಬಿಸಿಯಾಗುತ್ತದೆಂದು ಕಂಪನಿಯೇ ಒಮ್ಮೆ ಆ ಮಾದರಿಯನ್ನು ಹಿಂದಕ್ಕೆ ಕರೆಸಿಕೊಂಡಿತ್ತು ಎಂದು ನನ್ನ ತಮ್ಮ ಹೇಳುತ್ತಾನೆ. ಅಂಗಡಿಯವರನ್ನು ಕೇಳಿದರೆ, ‘ಹೊಸ ಬ್ಯಾಟರಿ ಹಾಕಿದ್ದೇವೆ, ಆರು ತಿಂಗಳ ವಾರಂಟಿ ಇದೆ’ ಎನ್ನುತ್ತಾರೆ. ಕೊಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಉಡುಪಿಯಿಂದ

ಅಕ್ಕಾ, ನಿಮ್ಮ ಹೆದರಿಕೆ ಸರಿಯಾದದ್ದೇ. ಆದರೆ ಹೆದರಬೇಕಾದ ಜಾಗ ಮಾತ್ರ ಸ್ವಲ್ಪ ಬೇರೆ ಎಂದು ನನ್ನ ಅನುಭವ. ಎರಡು ವರ್ಷದ ಹಿಂದೆ ನಮ್ಮ ಅಪ್ಪನಿಗೆಂದು ನಾನೊಂದು ರಿಫರ್ಬಿಶ್ಡ್ ಫೋನ್ ಕೊಂಡಿದ್ದೆ. ಆ ಮಾದರಿಯ ಮೇಲೆ ಯಾವ ದೂರೂ ಇರಲಿಲ್ಲ, ಯಾವ ಕಂಪನಿಯೂ ಅದನ್ನು ಹಿಂದಕ್ಕೆ ಕರೆಸಿಕೊಂಡಿರಲಿಲ್ಲ. ಎಂಟನೆಯ ತಿಂಗಳಿನಲ್ಲಿ, ಜೋರು ಮಳೆಗಾಲದ ಒಂದು ಬೆಳಿಗ್ಗೆ, ಊಟದ ಮೇಜಿನ ಮೇಲಿಟ್ಟ ಫೋನ್ ಮುಟ್ಟಿದಾಗಲೆಲ್ಲ ತೊಟ್ಟಿಲಿನಂತೆ ಅತ್ತಿತ್ತ ತೂಗುವುದನ್ನು ಅಮ್ಮ ಮೊದಲು ಗಮನಿಸಿದರು. ಕೈಗೆತ್ತಿಕೊಂಡು ನೋಡಿದರೆ ಹಿಂಬದಿಯ ಮುಚ್ಚಳ ಒಂದು ಬದಿಯಲ್ಲಿ ಉಗುರು ತೂರುವಷ್ಟು ಬಿಟ್ಟುಕೊಂಡಿತ್ತು, ಮತ್ತು ಆ ಸಂದಿಯಿಂದ ಉಗುರುಬಣ್ಣ ಅಳಿಸುವ ದ್ರವದಂಥ ಸಿಹಿ ವಾಸನೆ ಬರುತ್ತಿತ್ತು. ಅಪ್ಪ ಅದನ್ನು ಪ್ರತಿ ರಾತ್ರಿ ದಿಂಬಿನ ಪಕ್ಕದಲ್ಲಿಯೇ ಚಾರ್ಜಿಗೆ ಹಾಕಿ ಮಲಗುತ್ತಿದ್ದರು. ಅದನ್ನು ನೆನೆದರೆ ಈಗಲೂ ನನ್ನ ಎದೆ ನಡುಗುತ್ತದೆ. ರಿಪೇರಿಯವರು ಬಿಚ್ಚಿದಾಗ ಬ್ಯಾಟರಿ ಊದಿಕೊಂಡಿತ್ತು, ಮೇಲಿನ ಸ್ಟಿಕ್ಕರಿನಲ್ಲಿ ಕಂಪನಿಯ ಹೆಸರಿನ ಅಕ್ಷರಗಳೇ ಮಸುಕಾಗಿದ್ದವು. ಅದು ಅಸಲಿ ಬ್ಯಾಟರಿಯಾಗಿರಲಿಲ್ಲ.

ಇದರ ನಂತರ ನಾನು ಈ ವಿಷಯವನ್ನು ಸಾಕಷ್ಟು ಓದಿದೆ. 2007ರ ಆಗಸ್ಟಿನಲ್ಲಿ ನೋಕಿಯಾದ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಹೊರಟಾಗ ನಾವೆಲ್ಲ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯ ಮೇಲಿನ ಸಂಖ್ಯೆ ಓದಿ ನೋಡಿದ್ದು ನಿಮಗೂ ನೆನಪಿರಬಹುದು. ಆಗ ಎಚ್ಚರಿಕೆಗೆ ಒಳಪಟ್ಟವು 4 ಕೋಟಿ 60 ಲಕ್ಷ ಬ್ಯಾಟರಿಗಳು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಹಿಂದಕ್ಕೆ ಕರೆಸಿಕೊಂಡು, ಬೇರೆ ತಯಾರಕರ ಬ್ಯಾಟರಿ ಹಾಕಿದ ಫೋನುಗಳನ್ನು ಬದಲಿಗೆ ಕೊಟ್ಟಿತು. ಅವೂ ಬೆಂಕಿ ಹತ್ತಿಕೊಂಡಿದ್ದರಿಂದ ಅಕ್ಟೋಬರಿನಲ್ಲಿ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಮೊದಲನೆಯ ಬ್ಯಾಟರಿಯಲ್ಲಿ ಮೂಲೆಯ ಜಾಗ ಸಾಲದೆ ಒಳಗಿನ ಪದರ ಬಾಗಿತ್ತು, ಎರಡನೆಯದರಲ್ಲಿ ಬೆಸುಗೆಯ ಚೂಪುಗಳು ಪದರವನ್ನು ಚುಚ್ಚಿದ್ದವು ಎಂದು 2017ರ ಜನವರಿಯಲ್ಲಿ ಕಂಪನಿ ವಿವರಿಸಿತು. ಅದೇ ವರ್ಷದ ಜುಲೈಯಲ್ಲಿ ಆ ಫೋನನ್ನೇ 3500ರ ಬದಲು 3200 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಹಾಕಿ, ‘ನೋಟ್ ಎಫ್‌ಇ’ ಎಂಬ ಹೆಸರಿನಲ್ಲಿ ಕೊರಿಯಾದಲ್ಲಿ ಮಾರಲಾಯಿತು. ಅಂದರೆ ಹಿಂಪಡೆದ ಮಾದರಿ ಎಂಬ ಒಂದೇ ಕಾರಣಕ್ಕೆ ಫೋನ್ ಶಾಶ್ವತವಾಗಿ ಅಪಾಯಕಾರಿ ಆಗುವುದಿಲ್ಲ. ತಯಾರಕರೇ ದೋಷ ಹುಡುಕಿ ಬ್ಯಾಟರಿ ಬದಲಾಯಿಸಿದ್ದರೆ ಅದಕ್ಕೊಂದು ದಾಖಲೆ ಇರುತ್ತದೆ. ನಮ್ಮ ಅಪ್ಪನ ಫೋನಿಗೆ ಅಂಥದ್ದೊಂದು ದಾಖಲೆ ಇರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ, ಬ್ಯಾಟರಿ ಬದಲಾಯಿಸಿದ್ದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿಯೇ ಎಂಬುದಕ್ಕೆ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ನಮೂದಾಗಿರುವ ಬಿಲ್ ಕೇಳುತ್ತಿದ್ದೆ. ಅದು ಸಿಗದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳುತ್ತಿರಲಿಲ್ಲ.

ಮಂಗಳೂರಿನಿಂದ

ಹನ್ನೊಂದು ವರ್ಷದಿಂದ ಹಂಪನಕಟ್ಟೆಯ ಬಳಿ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ ಮಾತು ನೂರಕ್ಕೆ ನೂರು ಸತ್ಯ. ‘ಹೊಸ ಬ್ಯಾಟರಿ’ ಎಂಬ ಮಾತಿಗೆ ನಮ್ಮ ವ್ಯವಹಾರದಲ್ಲಿ ಹಲವು ಅರ್ಥಗಳಿವೆ: ಕಂಪನಿಯದು, ಬೇರೆ ತಯಾರಕರದು, ಕೆಲವೊಮ್ಮೆ ಹಳೆಯ ಫೋನಿನಿಂದ ಕಿತ್ತು ಹೊಸ ಸ್ಟಿಕ್ಕರ್ ಅಂಟಿಸಿದ್ದೂ ಇರುತ್ತದೆ. ದೊಡ್ಡ ವ್ಯವಸ್ಥೆಯಲ್ಲಿಯೂ ಈ ತಪ್ಪು ನಡೆದಿದೆ. 2017ರಲ್ಲಿ ಅಮೆರಿಕದಲ್ಲಿ ವಿಮೆಯಡಿ ಕೊಟ್ಟಿದ್ದ ರಿಫರ್ಬಿಶ್ಡ್ ಸ್ಯಾಮ್‌ಸಂಗ್ ನೋಟ್ 4 ಫೋನುಗಳ ಸುಮಾರು 10,200 ಬ್ಯಾಟರಿಗಳನ್ನು ಹಿಂಪಡೆಯಲಾಯಿತು, ಏಕೆಂದರೆ ಅವುಗಳಲ್ಲಿ ನಕಲಿ ಬ್ಯಾಟರಿಗಳು ಸೇರಿಕೊಂಡಿದ್ದವು. ಫೋನ್ ಅಸಲಿಯೇ, ದೋಷವಿದ್ದದ್ದು ಬದಲಾಯಿಸಿದ ಬ್ಯಾಟರಿಯಲ್ಲಿ.

ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯವಾಗಿದ್ದು, ಲೇಬಲಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ನಿಮ್ಮೆದುರೇ ಮುಚ್ಚಳ ತೆರೆದು ಆ ಸಂಖ್ಯೆ ತೋರಿಸಲು ಅಂಗಡಿಯವರು ಒಪ್ಪಿದರೆ ಅದು ಒಳ್ಳೆಯ ಲಕ್ಷಣ. ಮನೆಗೆ ಒಯ್ಯುವ ಮೊದಲು ಅರ್ಧ ಗಂಟೆ ಅಲ್ಲಿಯೇ ಚಾರ್ಜಿಗಿಟ್ಟು, ಫೋನನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ ನೋಡಿ. ತೂಗಾಡಿದರೆ, ಇಲ್ಲವೇ ಪರದೆಯ ಅಂಚು ಎದ್ದಿದ್ದರೆ, ಬೇಡವೆಂದು ಹೇಳಿಬಿಡಿ. *#06# ಒತ್ತಿ ಐಎಂಇಐ ಪಡೆದು, ‘ಕೆವೈಎಂ’ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಫೋನ್ ಕಳವಿನದ್ದೆಂದು ತಡೆಹಿಡಿದಿದ್ದಾರೆಯೇ ಎಂಬುದೂ ತಿಳಿಯುತ್ತದೆ.

ಸುರತ್ಕಲ್‌ನಿಂದ

ಒಂದು ಮಾತು ಸೇರಿಸುತ್ತೇನೆ. ಕಂಪನಿಯ ಕ್ರಮವೆಂದರೆ ಯಾವಾಗಲೂ ಫೋನ್ ವಾಪಸ್ ಪಡೆಯುವುದೇ ಆಗಿರಬೇಕೆಂದಿಲ್ಲ. 2025ರ ಜುಲೈಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 6ಎ ಫೋನುಗಳಿಗೆ ಕಳಿಸಿದ ಅಪ್‌ಡೇಟ್, ಅಪಾಯವಿದ್ದ ಫೋನುಗಳಲ್ಲಿ 400 ಬಾರಿ ಚಾರ್ಜ್ ಆದ ನಂತರ ಬ್ಯಾಟರಿಯ ಸಾಮರ್ಥ್ಯವನ್ನೇ ತಗ್ಗಿಸುವಂಥದ್ದು. ಆದ್ದರಿಂದ ನಿಮ್ಮ ತಮ್ಮ ಹೇಳಿದ ಮಾದರಿಗೆ ಕಂಪನಿ ಏನು ಮಾಡಿತ್ತು, ಉಚಿತ ಬದಲಾವಣೆಯ ಅವಧಿ ಇನ್ನೂ ಇದೆಯೇ ಎಂಬುದನ್ನು ಸರ್ವಿಸ್ ಸೆಂಟರಿನಲ್ಲಿ ಐಎಂಇಐ ಕೊಟ್ಟು ವಿಚಾರಿಸಿ. ಬಿಲ್ ಮಾತ್ರ ಬಿಡಬೇಡಿ. ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾಗಿ ಬಂದರೂ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೂ ಅದೇ ನಿಮಗಿರುವ ಆಧಾರ.

ಕಾಪುವಿನಿಂದ ಮತ್ತೆ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಅಂಗಡಿಗೆ ಹೋಗಿ ಸರ್ವಿಸ್ ಸೆಂಟರಿನ ಬಿಲ್ ಕೇಳಿದೆ. ಅವರಲ್ಲಿ ಇಲ್ಲವಂತೆ, ಹಾಗಾಗಿ ಆ ಫೋನನ್ನು ಬಿಟ್ಟೆ. ಇನ್ನೊಂದು ಸಂಶಯ. ಮನೆಯ ಕಪಾಟಿನಲ್ಲಿ ಬಳಸದೆ ಇಟ್ಟಿದ್ದ ಹಳೆಯ ಫೋನನ್ನು ಇವತ್ತು ಗಾಜಿನ ಮೇಲಿಟ್ಟು ನೋಡಿದರೆ ಅದು ತೂಗುತ್ತಿದೆ. ಏನು ಮಾಡಲಿ?

ಮಂಗಳೂರಿನಿಂದ

ಅದನ್ನು ಇನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಕಪಾಟಿನಿಂದ ಮತ್ತು ಬಟ್ಟೆಬರೆಯಿಂದ ದೂರ, ಮಳೆನೀರು ತಾಗದ ಜಗಲಿಯ ಮೂಲೆಯಲ್ಲಿ ಇಡಿ. ನಾಳೆಯೇ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಬ್ಯಾಟರಿ ಊದಿದೆ ಎಂದು ಮೊದಲೇ ತಿಳಿಸಿ, ಮಡಕೆಯ ಸಮೇತ ಒಯ್ದು ಒಪ್ಪಿಸಿ. ಬಸ್ಸಿನಲ್ಲಿ ಚೀಲಕ್ಕೆ ಹಾಕಿಕೊಂಡು ಹೋಗಬೇಡಿ.